ಅಜ್ಜಿಯ ಜಪಸರ, ತಮ್ಮನ ದೈವಶಾಸ್ತ್ರ

ಪ್ರಶ್ನೆ (ಸಾಗರದಿಂದ):
ಸರ್, ನಮ್ಮ ಚಿಕ್ಕಪ್ಪನ ಮಗ ಪಾದ್ರಿಯಾಗಲು ಸೆಮಿನರಿಯಲ್ಲಿ ಓದುತ್ತಿದ್ದಾನೆ. ಕ್ರಿಸ್‌ಮಸ್ ರಜೆಗೆ ಬಂದವನು ಊಟಕ್ಕೆ ಕೂತಾಗ ವಿಮೋಚನಾ ದೈವಶಾಸ್ತ್ರ, ದಲಿತ ದೈವಶಾಸ್ತ್ರ ಅಂತ ಶುರು ಮಾಡಿದ. ಅಜ್ಜಿ ಜಪಸರ ಪಕ್ಕಕ್ಕಿಟ್ಟು, "ಇದು ರಾಜಕೀಯ ಮಗಾ, ದೇವರ ಮಾತಲ್ಲ" ಅಂದರು. ಅತ್ತೆ ಪ್ರಾರ್ಥನಾಕೂಟಕ್ಕೆ ಹೋಗುವವರು. ಅವರಿಗೆ ಪವಿತ್ರಾತ್ಮ ಇದ್ದರೆ ಸಾಕು, ಶಾಸ್ತ್ರವೇ ಬೇಡ. ಬೈಬಲ್ ಒಂದೇ ಅಲ್ವಾ? ಇಷ್ಟೊಂದು ದೈವಶಾಸ್ತ್ರ ಯಾಕೆ?

ಉತ್ತರ (ದೈವಶಾಸ್ತ್ರದ ನಿವೃತ್ತ ಅಧ್ಯಾಪಕ, ಶಿವಮೊಗ್ಗ):
ಬೈಬಲ್ ಒಂದೇ. ಓದುವವರು ಕೂತ ಜಾಗ ಬೇರೆ ಬೇರೆ. ಲಿಂಗನಮಕ್ಕಿಯನ್ನೇ ನೋಡಿ. 1964ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು ದೂರದ ಪಟ್ಟಣದವರಿಗೆ ಕರೆಂಟು. ನಿಮ್ಮ ಕಡೆಯವರಿಗೆ ಮುಳುಗಡೆ. ನೀರು ಅದೇ.

ಪೆರು ದೇಶದ ಪಾದ್ರಿ ಗುಸ್ಟಾವೊ ಗುಟಿಯೆರೆಸ್ ಮುಳುಗಿದವರ ಜೊತೆ ಕೂತು ಬೈಬಲ್ ಓದಿದವರು. ಲಿಮಾ ನಗರದ ಬಡವರ ಕೇರಿಯಲ್ಲಿ ಸೇವೆ ಮಾಡುತ್ತಿದ್ದರು. ವಿಮೋಚನಾ ದೈವಶಾಸ್ತ್ರದ ಬಗ್ಗೆ ಅವರ ಪುಸ್ತಕ ಬಂದದ್ದು 1971ರಲ್ಲಿ. ಬಡತನ ಹಣೆಬರಹವಲ್ಲ, ಮನುಷ್ಯರೇ ಮಾಡಿಟ್ಟದ್ದು ಅನ್ನುವುದು ಅವರ ವಾದ. ಪಾಪ ಬರೀ ಮನಸ್ಸಿನೊಳಗೆ ಇರುವುದಿಲ್ಲ. ಕಾನೂನಿನಲ್ಲೂ ಇರುತ್ತದೆ, ಜಮೀನು ಯಾರ ಹೆಸರಲ್ಲಿದೆ ಅನ್ನುವುದರಲ್ಲೂ ಇರುತ್ತದೆ. ವಿಮೋಚನೆ ಅನ್ನುವ ಪದ ನಮಗೇನು ಹೊಸತಲ್ಲ ಬಿಡಿ. ಮೋಶೆ ಗುಲಾಮರನ್ನು ಐಗುಪ್ತದಿಂದ ಬಿಡಿಸಿ ತಂದ ಕಥೆಗೆ ಕನ್ನಡ ಬೈಬಲಿನಲ್ಲಿ ವಿಮೋಚನಕಾಂಡ ಅಂತಲೇ ಹೆಸರು. ಗ್ರೀಕ್ ಹೆಸರಿಗೆ ಸುಮ್ನೆ 'ಹೊರಟದ್ದು' ಅಂತ ಅರ್ಥ. ನಮ್ಮ ಅನುವಾದಕರು ಒಂದು ಹೆಜ್ಜೆ ಮುಂದೆ ಹೋಗಿದ್ದರು!

ಪ್ರಶ್ನೆ (ತೀರ್ಥಹಳ್ಳಿಯಿಂದ):
ಸರ್, ಇದು ಕಮ್ಯುನಿಸಂಗೆ ಶಿಲುಬೆ ಅಂಟಿಸಿದ್ದು ಅಂತಾರಲ್ಲ?

ಉತ್ತರ:
ವ್ಯಾಟಿಕನ್ನಿಗೂ ಆ ಅನುಮಾನ ಇತ್ತು. 1984ರಲ್ಲಿ ಕಾರ್ಡಿನಲ್ ರಾಟ್ಸಿಂಗರ್ (ಮುಂದೆ ಪೋಪ್ ಆದವರು) ಒಂದು ಎಚ್ಚರಿಕೆಯ ಪತ್ರ ಹೊರಡಿಸಿದರು. ಮಾರ್ಕ್ಸ್‌ನ ವಿಶ್ಲೇಷಣೆಯನ್ನು ಕಣ್ಣುಮುಚ್ಚಿ ತಗೊಳ್ಳಬೇಡಿ ಅನ್ನುವುದು ಅದರ ಸಾರ. 1986ರ ಎರಡನೆಯ ಪತ್ರದ ದನಿ ಮೆತ್ತಗಿತ್ತು. 2013ರಲ್ಲಿ ಪೋಪ್ ಫ್ರಾನ್ಸಿಸ್ ಗುಟಿಯೆರೆಸ್ ಅವರನ್ನು ಕರೆಸಿ ಭೇಟಿಯಾದರು. ಎಚ್ಚರಿಕೆ ಪೂರ್ತಿ ತಪ್ಪು ಅಂತ ನಾನೂ ಹೇಳುವುದಿಲ್ಲ. ಆದರೆ ಬಡವರ ಮಾತೆತ್ತಿದ ಕೂಡಲೇ ಕಮ್ಯುನಿಸ್ಟ್ ಅನ್ನುವುದು ಸೋಮಾರಿಗಳ ಉತ್ತರ.

ಪ್ರಶ್ನೆ (ಸಾಗರದಿಂದ):
ಹಾಗಾದರೆ ದಲಿತ ದೈವಶಾಸ್ತ್ರ ಅಲ್ಲಿಂದ ತಂದದ್ದಾ?

ಉತ್ತರ:
ಪೂರ್ತಿ ಅಲ್ಲ. ಅದು ನಮ್ಮ ಬೆಂಗಳೂರಿನಲ್ಲೇ ಮೊಳೆತದ್ದು. 1980ರ ದಶಕದ ಆರಂಭದಲ್ಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಒಂದು ಮುಜುಗರದ ಪ್ರಶ್ನೆ ಎತ್ತಿದರು. ಭಾರತದ ಕ್ರೈಸ್ತ ಪಂಡಿತರು ಯೇಸುವನ್ನು ವೇದಾಂತದ ಭಾಷೆಯಲ್ಲಿ ವಿವರಿಸುತ್ತಾ ಬಂದಿದ್ದರು. ಚರ್ಚಿನ ಬೆಂಚಿನಲ್ಲಿ ಕೂರುವವರಲ್ಲಿ ಜಾಸ್ತಿ ಜನ ದಲಿತರು. ಅವರ ನೋವು ಆ ಪುಸ್ತಕಗಳಲ್ಲಿ ಎಲ್ಲಿದೆ? ಲ್ಯಾಟಿನ್ ಅಮೆರಿಕದ ಲೆಕ್ಕದಲ್ಲಿ ಜಾತಿ ಇರಲಿಲ್ಲ, ಅದಕ್ಕೇ ಇಲ್ಲಿ ಬೇರೆ ಬರೆಯಬೇಕಾಯಿತು. ಚರ್ಚಿನೊಳಗೂ ಜಾತಿ ಇದೆಯಾ ಅಂತ ಕೇಳಿದರೆ, ಇದೆ. ನಿಮ್ಮ ತಮ್ಮ ಊಟದ ಹೊತ್ತಲ್ಲಿ ಬಿಸಿಯಾಗಿದ್ದರೆ ಅದಕ್ಕೇ ಇರಬಹುದು.

ಪ್ರಶ್ನೆ (ಭದ್ರಾವತಿಯಿಂದ):
ಅತ್ತೆಯ ವಿಷಯ ಬಿಟ್ಟೇಬಿಟ್ರಲ್ಲ ಸರ್.

ಉತ್ತರ:
ಬಿಡುವ ಹಾಗಿಲ್ಲ, ಇವತ್ತು ಅವರದೇ ದೊಡ್ಡ ಅಲೆ. 1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯ ಹಳೇ ಕಟ್ಟಡವೊಂದರಲ್ಲಿ ಎದ್ದ ಪೆಂಟೆಕೋಸ್ಟಲ್ (ಪವಿತ್ರಾತ್ಮದ ಅನುಭವವೇ ಮುಖ್ಯ ಅನ್ನುವವರ) ಕೂಟವನ್ನು ನಡೆಸಿದವರು ವಿಲಿಯಂ ಸೀಮೋರ್. ಗುಲಾಮರಾಗಿದ್ದ ಕಪ್ಪು ಜನರ ಮಗ. ಬಿಳಿಯರೂ ಕರಿಯರೂ ಒಟ್ಟಿಗೆ ಕೂರುವುದೇ ಅಪರೂಪವಾಗಿದ್ದ ಕಾಲದಲ್ಲಿ ಅಲ್ಲಿ ಒಟ್ಟಿಗೆ ಮೊಣಕಾಲೂರಿದರು. ಶಾಸ್ತ್ರ ಬೇಡ ಅನ್ನುವ ಅತ್ತೆ ಕೂಟದಲ್ಲಿ ಹೇಳುವ ಸಾಕ್ಷಿಯಲ್ಲೂ (ತಮ್ಮ ನಂಬಿಕೆಯ ಅನುಭವ) ಹಾಡಿನಲ್ಲೂ ಶಾಸ್ತ್ರ ಇದೆ. ನಾವು ಮೇಷ್ಟ್ರುಗಳು ಅದನ್ನು ತುಂಬ ದಿನ ಕಡೆಗಣಿಸಿದೆವು.

ಪ್ರಶ್ನೆ (ಸಾಗರದಿಂದ):
ಈಗ ಅಜ್ಜಿಗೆ ಏನು ಹೇಳಲಿ?

ಉತ್ತರ:
ಏನೂ ಹೇಳಬೇಡಿ. ಕನ್ನಡಕ ಕೊಟ್ಟು ಲೂಕನ ಸುವಾರ್ತೆಯ ಒಂದನೇ ಅಧ್ಯಾಯ ತೆಗೆದುಕೊಡಿ. 52, 53ನೇ ವಚನ. ಬಲಿಷ್ಠರನ್ನು ಸಿಂಹಾಸನದಿಂದ ಇಳಿಸುತ್ತಾನೆ, ಐಶ್ವರ್ಯವಂತರನ್ನು ಬರಿಗೈಲಿ ಕಳಿಸುತ್ತಾನೆ ಅಂತ ಅಲ್ಲಿ ಹಾಡುತ್ತಿರುವುದು ಅವರ ಜಪಸರದ ಮರಿಯಮ್ಮನೇ, ಯೇಸುವಿನ ತಾಯಿ. ತಮ್ಮನನ್ನೂ ಪಕ್ಕದಲ್ಲಿ ಕೂರಿಸಿ.