ಎರೆ ಮಣ್ಣಿನ ಮನೆಗೆ ಯಾವ ಗಿಡ ಹಚ್ಚಬೇಕು? ಹಚ್ಚಿ ನೋಡಿದವರ ಅನುಭವ

ಕೇಳಿದವರು, ಕಲಬುರಗಿ:
ರಿಂಗ್ ರೋಡ್ ಆಚೆ ಹೋದ ವರ್ಷ ಮನೆ ಕಟ್ಟಿಸಿದ್ದೇವೆ. ಎರೆ ಮಣ್ಣು, ಬೋರ್ ನೀರು. ಪಶ್ಚಿಮದ ಗೋಡೆಗೂ ಕಂಪೌಂಡಿಗೂ ನಡುವೆ 20 ಅಡಿ ಜಾಗ ಇದೆ, ಆಚೆ ರಸ್ತೆ. ಮೇ ತಿಂಗಳಲ್ಲಿ ಸಂಜೆ ಏಳಾದರೂ ಆ ಗೋಡೆ ಮುಟ್ಟಕ್ಕೆ ಆಗಲ್ಲ. ಅಪ್ಪ ಬೇವು ಅಂತಾರೆ, ಅವ್ವನಿಗೆ ಮಾವು ಬೇಕು, ಮಕ್ಕಳಿಗೆ ಗುಲ್‌ಮೊಹರ್. ಹಚ್ಚಿ ನೋಡಿದವರು ಹೇಳಿ.

ಕಲಬುರಗಿಯಿಂದ:
ಅಣ್ಣಾರೆ, ಗಿಡದ ಹೆಸರು ಆಮೇಲೆ. ಮೊದಲು ಮಣ್ಣು ನೋಡಿ. ನಮ್ಮ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ದೊಡ್ಡ ಮರ ಗೋಡೆಗೆ ಹತ್ತಿರ ಇದ್ದರೆ ಅಡಿಪಾಯದ ಕೆಳಗಿನ ತೇವವನ್ನೂ ಬೇರು ಹೀರಿಕೊಳ್ಳುತ್ತದೆ, ಅಲ್ಲಿ ಮಣ್ಣು ಕುಗ್ಗುತ್ತದೆ, ಗೋಡೆ ಸೀಳುತ್ತದೆ. ಬೇರು ಗೋಡೆ ಒಡೆಯಿತು ಅಂತ ಜನ ಹೇಳುತ್ತಾರಲ್ಲ, ಎಷ್ಟೋ ಸಲ ಒಡೆಯುವುದು ಹೀಗೆ ಒಣಗಿ ಕುಸಿದ ಮಣ್ಣಿನಿಂದ. ನಾನು ಬಾದಾಮಿ ಗಿಡವನ್ನು ಗೋಡೆಯಿಂದ ನಾಲ್ಕೇ ಅಡಿಗೆ ಹಚ್ಚಿದ್ದೆ. ಒಂಬತ್ತನೇ ವರ್ಷ ಅಡುಗೆಮನೆ ಮೂಲೆಯಲ್ಲಿ ಬೆರಳು ತೂರುವ ಬಿರುಕು ಬಿತ್ತು, ಕಡಿಸಬೇಕಾಯಿತು. ಅದರಲ್ಲಿ ಅಳಿಲಿನ ಗೂಡಿತ್ತು. ಆ ದಿನ ನನಗೆ ಊಟ ಸೇರಲಿಲ್ಲ.

ಹಾಗಾಗಿ ಮನೆಯಿಂದ 15 ಅಡಿ ಬಿಡಿ. ಕಂಪೌಂಡ್ ಮತ್ತೆ ಕಟ್ಟಿಸಬಹುದು, ಮನೆ ಹಾಗಲ್ಲ.

ಇನ್ನೊಂದು ಮಾತು. ಮೇ ತಿಂಗಳಲ್ಲಿ ನಮ್ಮಲ್ಲಿ ಸೂರ್ಯ ನೇರ ಪಶ್ಚಿಮಕ್ಕೆ ಮುಳುಗುವುದಿಲ್ಲ, ಸ್ವಲ್ಪ ಉತ್ತರಕ್ಕೆ ಸರಿದು ಮುಳುಗುತ್ತಾನೆ. ಗಿಡವನ್ನು ಗೋಡೆಯ ನಟ್ಟನಡುವೆ ಹಚ್ಚಿದರೆ ಸಂಜೆ ನೆರಳು ದಕ್ಷಿಣದ ಕಡೆ ಜಾರುತ್ತದೆ, ಅರ್ಧ ಗೋಡೆ ಬಿಸಿಲಿಗೆ ಕಾದು ಬಿಸಿಯಾಗುತ್ತದೆ. ಬೇಸಿಗೆಯಲ್ಲಿ ಒಂದು ದಿನ ನಾಲ್ಕು ಗಂಟೆಗೆ ಉದ್ದನೆಯ ಬಿದಿರು ನೆಟ್ಟು, ಅದರ ನೆರಳು ಎಲ್ಲಿ ಬೀಳುತ್ತದೆ ಅಂತ ನೋಡಿಕೊಂಡು ಜಾಗ ಗೊತ್ತುಮಾಡಿ.

ನನ್ನ ಮಾತು ಕೇಳುವುದಾದರೆ ಹೊಂಗೆ. ಫೆಬ್ರವರಿ ಮಾರ್ಚ್ ಸುಮಾರಿಗೆ ಎಲೆ ಉದುರಿಸಿ ಬೇಗನೆ ಹೊಸ ಚಿಗುರು ಹೊದ್ದುಕೊಳ್ಳುತ್ತದೆ, ಕಡು ಬಿಸಿಲಿನ ಹೊತ್ತಿಗೆ ದಟ್ಟ ನೆರಳು ಸಿದ್ಧ. ಸವಳು ನೀರನ್ನೂ ಸಾಕಷ್ಟು ತಡೆಯುತ್ತದೆ. ಬೇವು ನನಗೂ ಪ್ರೀತಿಯ ಗಿಡ, ಯುಗಾದಿಗೆ ಮನೆ ಮುಂದೆಯೇ ಹೂ ಸಿಗುವ ಸುಖ ಬೇರೆ. ಆದರೆ ಅದು ದೊಡ್ಡದಾಗಿ ಹರಡುತ್ತದೆ, ಅದಕ್ಕೆ ನಿಮ್ಮದಕ್ಕಿಂತ ಜಾಸ್ತಿ ಜಾಗ ಬೇಕು. ಗುಲ್‌ಮೊಹರ್ ಬೇಡ ಅಂತ ಮಕ್ಕಳಿಗೆ ತಿಳಿಸಿ ಹೇಳಿ. ಮಡಗಾಸ್ಕರ್‌ನಿಂದ ಬಂದ ಗಿಡ ಅದು, ನಮಗೆ ನೆರಳು ಬೇಕಾದಾಗಲೇ ಹೆಚ್ಚು ಕಡಿಮೆ ಬೋಳಾಗಿರುತ್ತದೆ, ಜೋರು ಗಾಳಿಗೆ ಟೊಂಗೆ ಮುರಿಯುತ್ತದೆ.

ಬೀದರ್‌ನಿಂದ:
ಮಾವಿನ ಬಗ್ಗೆ ಹೇಳುತ್ತೇನೆ. ನಮ್ಮದು ಕೆಂಪು ಜಂಬಿಟ್ಟಿಗೆ ಮಣ್ಣು, ನೀರು ನಿಲ್ಲಲ್ಲ, ಇಲ್ಲಿ ಮಾವು ಚೆನ್ನಾಗಿ ಬರುತ್ತದೆ. ಅದೇ ಸಸಿಯನ್ನು ಕಲಬುರಗಿಯ ತಂಗಿ ಮನೆಗೆ ಕೊಟ್ಟೆ. ಎರಡನೇ ಮಳೆಗಾಲಕ್ಕೆ ತುದಿಯಿಂದ ಒಣಗುತ್ತಾ ಬಂತು. ಕಿತ್ತು ನೋಡಿದರೆ ಬೇರೆಲ್ಲ ಕಪ್ಪಾಗಿ ಮೆತ್ತಗಾಗಿತ್ತು, ಕೆಟ್ಟ ವಾಸನೆ. ತಗ್ಗಿಗೆ ಬರೀ ಮರಳು, ಗೊಬ್ಬರ ತುಂಬಿದ್ದರು. ಸುತ್ತ ಎರೆ ಮಣ್ಣು ನೀರು ಬಿಡಲ್ಲ, ಒಳಗೆ ಸಡಿಲ, ಹಾಗಾಗಿ ಬಕೆಟ್ ಥರ ನೀರು ತುಂಬಿ ನಿಂತಿತ್ತು. ತೆಗೆದ ಮಣ್ಣನ್ನೇ ಗೊಬ್ಬರದ ಜೊತೆ ಕಲಸಿ ಹಾಕಿ, ನೆಲಕ್ಕಿಂತ ಅರ್ಧ ಅಡಿ ಎತ್ತರ ದಿಬ್ಬ ಮಾಡಿ ಹಚ್ಚಿ. ಸೀತಾಫಲ ಹಾಕುವವರಿಗೆ ಒಂದು ಮಾತು: ಆಡು ಮೇಯಲ್ಲ, ಕಲ್ಲು ನೆಲದಲ್ಲೂ ಬದುಕುತ್ತದೆ, ಆದರೆ ಬೇಸಿಗೆಯಲ್ಲಿ ಎಲೆ ಉದುರುತ್ತದೆ, ನೆರಳು ನಂಬಬೇಡಿ.

ಶಹಾಪುರದಿಂದ, ಯಾದಗಿರಿ ಜಿಲ್ಲೆ:
ಅಣ್ಣಾ, ಒಂದು ಹಿಡಿ ಒಣ ಮಣ್ಣಿನ ಮೇಲೆ ನಿಂಬೆ ರಸ ಹಿಂಡಿ ನೋಡಿ. ನೊರೆ ಎದ್ದರೆ ಮಣ್ಣಲ್ಲಿ ಸುಣ್ಣ ಜಾಸ್ತಿ ಅಂತ ಅರ್ಥ. ನಮ್ಮ ಹಿತ್ತಲಲ್ಲಿ ನಿಂಬೆ ಗಿಡದ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಗೊಬ್ಬರ ಕಡಿಮೆಯಾಯಿತು ಅಂತ ಎರಡು ವರ್ಷ ಹಾಕಿದ್ದೇ ಹಾಕಿದ್ದು. ಆಮೇಲೆ ತಿಳಿಯಿತು, ಮಣ್ಣಲ್ಲಿ ಕಬ್ಬಿಣ ಇದ್ದರೂ ಸುಣ್ಣದ ದೆಸೆಯಿಂದ ಬೇರಿಗೆ ಸಿಗಲ್ಲ. ಅವ್ವಾರಿಗೆ ಹಣ್ಣೇ ಬೇಕಿದ್ದರೆ ಪೇರಲ ಅಥವಾ ಬಾರೆ ಹಾಕಿ, ಎರಡೂ ಎರೆ ಮಣ್ಣಿಗೆ ಹೊಂದಿಕೊಳ್ಳುತ್ತವೆ.

ಸಸಿ ಕೊಳ್ಳುವಾಗ ಎತ್ತರ ನೋಡಿ ಮರುಳಾಗಬೇಡಿ. ಚೀಲದ ತಳ ನೋಡಿ. ಬೇರು ಸಿಂಬೆಯಂತೆ ಸುತ್ತಿಕೊಂಡಿದ್ದರೆ ಅದು ನೆಲದಲ್ಲೂ ಹಾಗೇ ಸುತ್ತುತ್ತದೆ, ದೊಡ್ಡದಾದ ಮೇಲೆ ಗಾಳಿಗೆ ಬೀಳುತ್ತದೆ. ಮೊಣಕಾಲೆತ್ತರದ, ಗಟ್ಟಿ ಕಾಂಡದ ಸಸಿ ಸಾಕು.

ಕಲಬುರಗಿಯಿಂದ, ಇನ್ನೊಬ್ಬರು:
ಮೇಲೆ ಕರೆಂಟ್ ತಂತಿ ಇದೆಯಾ ನೋಡಿ ಅಕ್ಕಾರೆ ಅಣ್ಣಾರೆ, ಎಲ್ಲರೂ ಮರೆಯೋದು ಅದನ್ನೇ. ಬುಡಕ್ಕೆ ತೊಗರಿ ಹೊಟ್ಟು ನಾಲ್ಕು ಬೆರಳು ದಪ್ಪ ಹರಡಿ, ಕಾಂಡಕ್ಕೆ ತಾಗಿಸಬೇಡಿ. ನಮ್ಮೂರಲ್ಲಿ ಅದಕ್ಕೇನು ಕೊರತೆ? ಮಣ್ಣು ಬಿರುಕು ಬಿಡುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ದಿನಾ ಒಂದು ಚೊಂಬು ಹಾಕಿದರೆ ಬೇರು ಮೇಲೇ ಉಳಿಯುತ್ತದೆ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಮೂರು ನಾಲ್ಕು ಕೊಡ ನಿಧಾನವಾಗಿ ಇಂಗಿಸಿ.

ಕೇಳಿದವರು:
ಎಲ್ಲರಿಗೂ ಶರಣು. ನಿಂಬೆ ಹಿಂಡಿದೆ, ಬುಸ್ ಅಂತ ನೊರೆ ಬಂತು. ಅವ್ವ ತಾನೇ ನಿಂತು ನೋಡಿದಳು, ಪೇರಲಕ್ಕೆ ಒಪ್ಪಿದಳು. ತಂತಿ ರಸ್ತೆಯ ಆಚೆ ಬದಿಗಿದೆ. ಬಿದಿರಿನ ನೆರಳು ನೋಡಿಕೊಂಡು ಗೋಡೆಯ ಉತ್ತರ ಭಾಗಕ್ಕೆ, ಮನೆಯಿಂದ 15 ಅಡಿಗೆ ಗೂಟ ಹೊಡೆದಿದ್ದೇವೆ. ತಗ್ಗು ಈ ವಾರವೇ ತೆಗೆಸಿ ಬಿಸಿಲಿಗೆ ಬಿಡುತ್ತೇನೆ, ಜೂನ್‌ನ ಮಿರಗದ (ಮೃಗಶಿರ) ಮಳೆ ಎರಡು ಚೆನ್ನಾಗಿ ಬಿದ್ದ ಮೇಲೆ ಹೊಂಗೆ ಹಚ್ಚುತ್ತೇವೆ. ಅಪ್ಪನ ಬೇವಿಗೆ ಊರ ಹೊಲದ ಬದುವಿನಲ್ಲಿ ಜಾಗ ಆಯಿತು.