ಮಾಲಿಕ್ಯುಲರ್ ಇಕಾಲಜಿ ಮಾಡಬೇಕು, ಪಾಠ ಮಾಡುವ ದಾರಿಯೂ ತೆರೆದಿರಬೇಕು: ಯಾವ ಎಂಎಸ್ಸಿ? ತೋಡಿನ ಮೀನಿನ ಕೆಲಸ ಎಲ್ಲಿಂದ ಶುರು?

ತೋಡಿನಮೀನು, ವಿರಾಜಪೇಟೆ

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಕೊನೆಯ ವರ್ಷ, ಬಾಟನಿ ಮತ್ತು ಜುವಾಲಜಿ. ಡಿಎನ್‌ಎ ಹಿಡಿದು ಕಾಡು, ಹೊಳೆ ಅಧ್ಯಯನ ಮಾಡುವ ಕಡೆಗೆ ಮನಸ್ಸಿದೆ. ಸಂಶೋಧನೆ ಕೈಹತ್ತದಿದ್ದರೆ ಕಾಲೇಜಿನಲ್ಲಿ ಪಾಠ ಮಾಡಲು ಅರ್ಹತೆಯಾದರೂ ಇರಲಿ ಎನ್ನುತ್ತಾರೆ ಮನೆಯಲ್ಲಿ. ಎಂಎಸ್ಸಿ ಜುವಾಲಜಿ, ಬಯೋಟೆಕ್ನಾಲಜಿ, ವೈಲ್ಡ್‌ಲೈಫ್: ಯಾವುದು ಒಳ್ಳೆಯದು?

ಇನ್ನೊಂದು. ಬ್ರಹ್ಮಗಿರಿಯಿಂದ ಈಚೆಗಿಳಿಯುವ ಲಕ್ಷ್ಮಣತೀರ್ಥ ಕಾವೇರಿ ಸೇರುತ್ತದೆ, ಆಚೆಯ ಬರಪೊಳೆ ಕೇರಳದ ಕಡೆ ಹೋಗುತ್ತದೆ. ಎರಡೂ ಕಡೆ ಇರುವ ಒಂದೇ ಜಾತಿಯ ಮೀನು ಒಳಗೊಳಗೆ ಬೇರೆಯಾಗಿದೆಯೇ ಎಂದು ಪ್ರಾಜೆಕ್ಟ್ ಮಾಡುವ ಯೋಚನೆ. ಮೀನು ಹಿಡಿಯದೆ ನೀರಿನಿಂದಲೇ ಡಿಎನ್‌ಎ ತೆಗೆದರೆ ಸಾಕೇ? ಕಾಲೇಜಿನಲ್ಲಿ ಪಿಸಿಆರ್ (ಡಿಎನ್‌ಎಯ ಒಂದು ತುಂಡಿನ ಲಕ್ಷಾಂತರ ಪ್ರತಿ ಮಾಡುವ ಯಂತ್ರ) ಇಲ್ಲ.

ಹಳೇಮೈಕ್ರೋಸ್ಕೋಪ್

ಎಂಎಸ್ಸಿ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ.

ಪಿಎಚ್‌ಡಿಗೆ ಎಂಎಸ್ಸಿಯ ಹೆಸರು ಯಾವುದಿದ್ದರೂ ಅಷ್ಟು ತೊಡಕಿಲ್ಲ. ಸರ್ಕಾರಿ ಕಾಲೇಜಿನ ಹುದ್ದೆಗೆ ಮಾತ್ರ ಆ ಹೆಸರೇ ಮುಖ್ಯ. ಅಧಿಸೂಚನೆಯಲ್ಲಿ ಹುದ್ದೆ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಎಂದೇ ವಿಂಗಡವಾಗಿರುತ್ತದೆ. ಬಯೋಟೆಕ್ನಾಲಜಿ ಅಥವಾ ವೈಲ್ಡ್‌ಲೈಫ್ ಎಂದಿರುವ ಅಂಕಪಟ್ಟಿ ಹಿಡಿದು ಪ್ರಾಣಿಶಾಸ್ತ್ರದ ಹುದ್ದೆಗೆ ಹೋದರೆ ‘ತತ್ಸಮಾನ’ ಎಂಬ ಪ್ರಮಾಣಪತ್ರಕ್ಕೆ ಅಲೆದಾಟ ಶುರು. ಎರಡೂ ದಾರಿ ತೆರೆದಿರಬೇಕು ಎಂದರೆ ಜುವಾಲಜಿ ತೆಗೆದುಕೊಂಡು, ಡಿಸರ್ಟೇಶನ್ ಅನ್ನು ಡಿಎನ್‌ಎ ಲ್ಯಾಬ್ ಇರುವ ಕಡೆ ಮಾಡಿ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ವೈಲ್ಡ್‌ಲೈಫ್ ಎಂಎಸ್ಸಿ ತುಂಬ ಒಳ್ಳೆಯದು, ಆದರೆ ಪ್ರತಿ ವರ್ಷ ಪ್ರವೇಶ ಇರುವುದಿಲ್ಲ, ಸೀಟೂ ಕಡಿಮೆ. ಸಂಶೋಧನೆಯೇ ಗುರಿ ಎಂದು ಗಟ್ಟಿಯಾದರೆ ಮಾತ್ರ ಅದಕ್ಕೆ ಹೋಗಿ.

2023ರ ಜೂನ್ 30ರ ಯುಜಿಸಿ ತಿದ್ದುಪಡಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕರಾಗಲು ಎಂಎಸ್ಸಿ ಜೊತೆ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಸೆಟ್ (ರಾಜ್ಯಮಟ್ಟದ್ದು) ಕನಿಷ್ಠ ಅರ್ಹತೆ, ಪಿಎಚ್‌ಡಿ ಕಡ್ಡಾಯವಲ್ಲ. ನಮ್ಮ ರಾಜ್ಯದ ಕೆ-ಸೆಟ್ ಅನ್ನು ಈಗ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುತ್ತದೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ವಿಜ್ಞಾನದವರು ಬರೆಯುವ ಸಿಎಸ್‌ಐಆರ್ ನೆಟ್ ಹಾಗಲ್ಲ: ಜೀವವಿಜ್ಞಾನ ಪತ್ರಿಕೆಗೆ 200 ಅಂಕ, ತಪ್ಪಿಗೆ ಕಾಲು ಭಾಗ ಕಡಿತ. ಅದರ ಸಿ ಭಾಗದಲ್ಲಿ 75 ಪ್ರಶ್ನೆ ಕೊಡುತ್ತಾರೆ, 25 ಬರೆದರೆ ಸಾಕು, ಒಂದಕ್ಕೆ 4 ಅಂಕ. ನಿಮ್ಮ ಆಸಕ್ತಿಯವರಿಗೆ 10 (ಪರಿಸರ), 11 (ವಿಕಾಸ), 13 (ವಿಧಾನಗಳು) ಮತ್ತು 8ನೇ ಘಟಕ (ಆನುವಂಶಿಕತೆ) ಸಹಜವಾಗಿ ಒದಗುತ್ತವೆ. ಹದಿಮೂರೂ ಘಟಕ ಓದಲು ಹೋಗಿ ಯಾವುದೂ ಆಳವಾಗದೆ ಸೋಲುವವರೇ ಹೆಚ್ಚು. ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000, ಅದೇ ಮುಂದೆ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದಾಗ 42,000, ಮನೆ ಬಾಡಿಗೆ ಭತ್ಯೆ ಬೇರೆ.

ಪಿಯು ಉಪನ್ಯಾಸಕರ ಹುದ್ದೆಗೆ ಬಿ.ಎಡ್ ಕೇಳುತ್ತಾರೆ, ಅದನ್ನು ಮರೆಯಬೇಡಿ. ಅದಕ್ಕೆ ಪೂರ್ತಿ ಎರಡು ವರ್ಷ ಬೇಕು.

ಕಾಡುಸಂಪಿಗೆ

ಪ್ರಾಜೆಕ್ಟ್ ಬಗ್ಗೆ: ಪ್ರಶ್ನೆ ಚೆನ್ನಾಗಿದೆ, ಆದರೆ ನೀವು ಹೇಳಿದ ವಿಧಾನ ಅದಕ್ಕೆ ಹೊಂದುವುದಿಲ್ಲ. ನೀರಿನ ಡಿಎನ್‌ಎ ‘ಈ ಹೊಳೆಯಲ್ಲಿ ಯಾವ ಯಾವ ಮೀನಿದೆ’ ಎಂಬುದಕ್ಕೆ ಉತ್ತರ ಕೊಡುತ್ತದೆ. ನಿಮ್ಮದು ‘ಒಂದೇ ಜಾತಿಯ ಎರಡು ಗುಂಪು ಎಷ್ಟು ಬೇರೆ’ ಎಂಬ ಪ್ರಶ್ನೆ. ಅದಕ್ಕೆ ಒಂದೊಂದು ಮೀನಿನ ಡಿಎನ್‌ಎಯೂ ಪ್ರತ್ಯೇಕವಾಗಿ ಬೇಕು. ನೀರಿನಲ್ಲಿ ಸಾವಿರ ಮೀನಿನ ಚೂರುಗಳು ಕಲಸಿಹೋಗಿರುತ್ತವೆ. ಸಾಮಾನ್ಯವಾಗಿ ಓದುವ 12ಎಸ್ ಎಂಬ ಜೀನಿನ ತುಂಡು ಸುಮಾರು 170 ಬೇಸ್ (ಡಿಎನ್‌ಎಯ ಅಕ್ಷರ) ಉದ್ದ, ಹತ್ತಿರದ ಸಂಬಂಧಿ ಜಾತಿಗಳನ್ನೇ ಎಷ್ಟೋ ಸಲ ಬೇರ್ಪಡಿಸಲಾರದು.

ಆದ್ದರಿಂದ ರೆಕ್ಕೆಯ ತುದಿ. ಹಿಡಿದ ಮೀನಿನ ಬಾಲದ ರೆಕ್ಕೆಯಿಂದ 2-3 ಮಿ.ಮೀ. ಕತ್ತರಿಸಿ ಮೀನನ್ನು ಬಿಟ್ಟುಬಿಡಬಹುದು. ಜಾತಿಗೆ ಒಂದೆರಡು ಇಡೀ ಮೀನನ್ನಾದರೂ ಫೋಟೋ ಸಹಿತ ಸಂಗ್ರಹದಲ್ಲಿ ಇಡಬೇಕು, ಇಲ್ಲದಿದ್ದರೆ ನಾಳೆ ಹೆಸರು ಬದಲಾದರೆ ಪರೀಕ್ಷಿಸಲು ಏನೂ ಇರುವುದಿಲ್ಲ. ನಮ್ಮ ಕಾವೇರಿಯದೇ ಉದಾಹರಣೆ: ಗೂನುಬೆನ್ನಿನ ಬಿಳಿಮೀನಿಗೆ (ಮಹಶೀರ್) ‘ಟಾರ್ ರೆಮಾದೇವಿ’ ಎಂಬ ಹೆಸರು ಖಚಿತವಾದದ್ದು 2018ರಲ್ಲಿ. ಜೆನ್‌ಬ್ಯಾಂಕ್‌ನಲ್ಲಿ (ಎಲ್ಲರಿಗೂ ತೆರೆದಿರುವ ಡಿಎನ್‌ಎ ಸಂಗ್ರಹ) ಸೀಕ್ವೆನ್ಸ್, ಅಂದರೆ ಓದಿದ ಡಿಎನ್‌ಎ ಅಕ್ಷರಸಾಲು, ಹಾಕಿದವರು ಬರೆದ ಹೆಸರೇ ಉಳಿದಿರುತ್ತದೆ, ಅದನ್ನು ಕಣ್ಣುಮುಚ್ಚಿ ನಂಬಬೇಡಿ.

ತುಂಡನ್ನು ಕಡಿಮೆಯೆಂದರೂ ಹತ್ತು ಪಟ್ಟು ಅಬ್ಸಲ್ಯೂಟ್ ಆಲ್ಕೋಹಾಲ್‌ನಲ್ಲಿ ಹಾಕಿ, ಮರುದಿನ ಹಳೆಯದನ್ನು ಚೆಲ್ಲಿ ಹೊಸದು ತುಂಬಿ. ಮೊದಲ ದಿನ ಅಂಗಾಂಶದ ನೀರು ಹೊರಬಂದು ಆಲ್ಕೋಹಾಲ್ ತೆಳುವಾಗುತ್ತದೆ, ಕೆಡುವುದು ಅಲ್ಲಿಂದಲೇ. ಫಾರ್ಮಲಿನ್ ಮುಟ್ಟಲೇಬೇಡಿ. ಲೇಬಲ್ ಅನ್ನು ಪೆನ್ಸಿಲ್‌ನಲ್ಲಿ ಬರೆದು ಟ್ಯೂಬಿನ ಒಳಗೇ ಹಾಕಿ, ಆಲ್ಕೋಹಾಲ್ ಸೋರಿದರೆ ಮಾರ್ಕರ್ ಅಳಿಸಿಹೋಗುತ್ತದೆ. ಈ ಕ್ಷೇತ್ರದಲ್ಲಿ ಹಾಳಾಗುವ ಕೆಲಸದಲ್ಲಿ ದೊಡ್ಡ ಪಾಲು ಯಂತ್ರದಿಂದಲ್ಲ, ಲೇಬಲ್‌ನಿಂದ.

ಒಂದು ಕಡೆಯಿಂದ 25-30 ಮೀನು ಗುರಿಯಿಡಿ. ಎಲ್ಲವನ್ನೂ ಒಂದೇ ಗುಂಡಿಯಿಂದ ಹಿಡಿದರೆ ಅಣ್ಣತಮ್ಮಂದಿರೇ ಸಿಗುತ್ತಾರೆ, ಗುಂಪು ಇರುವುದಕ್ಕಿಂತ ಹೆಚ್ಚು ಬೇರೆಯಾಗಿ ಕಾಣುತ್ತದೆ. ಐದಾರು ಗುಂಡಿಗಳಿಗೆ ಹಂಚಿ.

ಪಿಸಿಆರ್ 25 ಮೈಕ್ರೋಲೀಟರ್: ಎರಡು ಪಟ್ಟಿನ ಮಾಸ್ಟರ್ ಮಿಕ್ಸ್ (ಕಿಣ್ವ, ಉಪ್ಪು ಎಲ್ಲ ಬೆರೆಸಿಟ್ಟ ದ್ರಾವಣ) 12.5, ಹತ್ತು ಮೈಕ್ರೋಮೋಲಾರ್‌ನ ಎರಡು ಪ್ರೈಮರ್ (ಪ್ರತಿ ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಡಿಎನ್‌ಎ ಚೂರು) ತಲಾ 1, ಡಿಎನ್‌ಎ 1, ಉಳಿದದ್ದು ನೀರು. ಜಾತಿ ಗುರುತಿಸಲು ಬಳಸುವ ಸಿಒಐ ಜೀನಿಗೆ ಫಿಶ್-ಎಫ್1, ಫಿಶ್-ಆರ್1 ಜೋಡಿ, ಸುಮಾರು 655 ಬೇಸ್. ಅನೀಲಿಂಗ್ (ಪ್ರೈಮರ್ ಅಂಟುವ ಹಂತ) 54 ಡಿಗ್ರಿ, 35 ಸುತ್ತು. ಜೆಲ್‌ನಲ್ಲಿ ಬ್ಯಾಂಡ್ (ಪಿಸಿಆರ್ ಆಗಿದೆ ಎಂದು ತೋರಿಸುವ ಗೆರೆ) ಬರದಿದ್ದರೆ ಡಿಎನ್‌ಎಯನ್ನು ಹೆಚ್ಚಿಸುವುದು ಎಲ್ಲರೂ ಮಾಡುವ ತಪ್ಪು. ಮೊದಲು ಹತ್ತು ಪಟ್ಟು ತೆಳು ಮಾಡಿ ನೋಡಿ. ಆಗಲೂ ಇಲ್ಲವೇ? ಚೆನ್ನಾಗಿ ಕೆಲಸ ಮಾಡುವ ಇನ್ನೊಂದು ಡಿಎನ್‌ಎಯನ್ನು ಇದರ ಜೊತೆ ಬೆರೆಸಿ ಓಡಿಸಿ. ಅದೂ ಸತ್ತರೆ ಮಾದರಿಯಲ್ಲಿ ತಡೆಯುವ ವಸ್ತು ಇದೆ, ಬಂದರೆ ಡಿಎನ್‌ಎಯೇ ಕೆಟ್ಟಿರಬಹುದು. ಡಿಎನ್‌ಎ ಇಲ್ಲದ ಬರೀ ನೀರಿನ ಟ್ಯೂಬ್ ಪ್ರತಿ ಸಲವೂ ಇರಲೇಬೇಕು.

ಸಿಒಐ ಮೈಟೋಕಾಂಡ್ರಿಯದ್ದು, ತಾಯಿಯ ಕಡೆಯ ಕಥೆ ಮಾತ್ರ ಹೇಳುತ್ತದೆ. ಎಂಎಸ್ಸಿ ಪ್ರಾಜೆಕ್ಟಿಗೆ ಅದು ಸಾಕು, ಪಿಎಚ್‌ಡಿಗೆ ನ್ಯೂಕ್ಲಿಯರ್ (ಜೀವಕೋಶದ ಕೇಂದ್ರದ, ತಂದೆತಾಯಿ ಇಬ್ಬರಿಂದಲೂ ಬರುವ) ಡಿಎನ್‌ಎ ಗುರುತುಗಳೂ ಬೇಕಾಗುತ್ತವೆ.

ತೋಡಿನಮೀನು, ವಿರಾಜಪೇಟೆ

ತುಂಬ ಥ್ಯಾಂಕ್ಸ್ ಮೇಡಂ. ನೀರಿನ ಡಿಎನ್‌ಎಯನ್ನು ‘ಯಾವ ಮೀನಿದೆ’ ಎಂಬ ಪಟ್ಟಿಗಾದರೂ ಇಟ್ಟುಕೊಂಡರೆ, ಜುಲೈ ರಜೆಯಲ್ಲಿ ಮಾಡಬಹುದೇ?

ಕಾಡುಸಂಪಿಗೆ

ಜುಲೈ ಬೇಡ. ಕೆಂಪು ನೀರಿಗೆ ಡಿಎನ್‌ಎ ಹಿಡಿಯುವ 0.45 ಮೈಕ್ರಾನ್ ಫಿಲ್ಟರ್ ಕಾಲು ಲೀಟರ್ ದಾಟುವ ಮೊದಲೇ ಕಟ್ಟಿಕೊಳ್ಳುತ್ತದೆ, ಮೇಲಾಗಿ ಪ್ರವಾಹದಲ್ಲಿ ಡಿಎನ್‌ಎ ತೆಳುವಾಗಿರುತ್ತದೆ. ಮಳೆ ನಿಂತು ನೀರು ತಿಳಿಯಾದ ಮೇಲೆ ಹೋಗಿ. ಆಗ ಬೇರೊಂದು ತೊಂದರೆ: ಅರೇಬಿಕಾ ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯುವುದು). ಪಲ್ಪರ್ ನೀರು ಸೇರುವ ತೋಡಿನಲ್ಲಿ ಹುಳಿ ಏರುವುದರಿಂದ ಡಿಎನ್‌ಎ ಬೇಗ ಮುರಿಯುತ್ತದೆ, ಪಾಲಿಫಿನಾಲ್‌ಗಳು ಪಿಸಿಆರ್ ತಡೆಯುತ್ತವೆ. ತೋಟದ ಮೇಲ್ಭಾಗದಲ್ಲಿ ಮೀನು ‘ಇದೆ’, ಕೆಳಗೆ ‘ಇಲ್ಲ’ ಎಂದು ಬಂದರೆ ಮೀನು ಸತ್ತಿತೆಂದು ಬರೆಯುವ ಮೊದಲು ಇದನ್ನು ಪರೀಕ್ಷಿಸಿ. ಪ್ರತಿ ಜಾಗದಲ್ಲೂ ಪಿಎಚ್ ಬರೆದುಕೊಳ್ಳಿ. ಪಿಸಿಆರ್‌ಗೆ ಮಿ.ಲೀ.ಗೆ 10 ಮಿ.ಗ್ರಾಂ. ಇರುವ ಬಿಎಸ್‌ಎ (ತಡೆಯುವ ವಸ್ತುಗಳನ್ನು ಹಿಡಿದಿಡುವ ಪ್ರೋಟೀನ್) 1 ಮೈಕ್ರೋಲೀಟರ್ ಸೇರಿಸಿ, ಅಷ್ಟೇ ನೀರು ಕಡಿಮೆ ಮಾಡಿ.

ಒಂದು ಜಾಗಕ್ಕೆ ಒಂದೊಂದು ಲೀಟರಿನ ಮೂರು ಮಾದರಿ. ಕೆಳಗಿನಿಂದ ಮೇಲಕ್ಕೆ ನಡೆಯಿರಿ, ಹರಿವಿಗೆ ಎದುರಾಗಿ ನಿಂತು ತುಂಬಿ, ಇಲ್ಲದಿದ್ದರೆ ನಿಮ್ಮ ಬೂಟಿನ ಕೆಸರೇ ಬಾಟಲಿಗೆ ಬರುತ್ತದೆ. ಬಾಟಲಿಗಳನ್ನು ಹತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್‌ನಲ್ಲಿ ತೊಳೆದು ಚೆನ್ನಾಗಿ ಜಾಲಾಡಿ. ಮನೆಯಿಂದ ಒಯ್ದ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿಯನ್ನು ಹೊಳೆಯ ಬದಿಯಲ್ಲೇ ತೆರೆದು ಅದನ್ನೂ ಫಿಲ್ಟರ್ ಮಾಡಿ. ಅದರಲ್ಲಿ ಮೀನು ಕಂಡರೆ ಆ ದಿನದ ಫಲಿತಾಂಶ ನಂಬುವಂತಿಲ್ಲ.

ಮಳೆಗಾಲದಲ್ಲೇ ಏನಾದರೂ ಮಾಡಬೇಕೆಂದರೆ ಜಿಗಣೆ ಇದೆಯಲ್ಲ! 2012ರಲ್ಲಿ ವಿಯೆಟ್ನಾಂ ಕಾಡಿನ ಜಿಗಣೆಗಳ ಹೊಟ್ಟೆಯ ರಕ್ತದಿಂದಲೇ ಅಪರೂಪದ ಪಟ್ಟೆಮೊಲದ ಡಿಎನ್‌ಎ ಸಿಕ್ಕಿತ್ತು. ಕೊಡಗಿನಲ್ಲಿ ಮಾದರಿಗೆ ಬರವಿಲ್ಲ, ತಾನೇ ಬಂದು ಹತ್ತಿಕೊಳ್ಳುತ್ತದೆ.

ದೇವರಕಾಡು_ಬದಿ

ಸಂಪಿಗೆ ಮೇಡಂ ಅನುಮತಿಯ ಮಾತೇ ಎತ್ತಲಿಲ್ಲ. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಮೂರೂ ಅಭಯಾರಣ್ಯಗಳು. ಸಂಶೋಧನೆಗೆಂದು ಒಳಗೆ ಕಾಲಿಡಲೂ 1972ರ ವನ್ಯಜೀವಿ ಕಾಯ್ದೆಯಡಿ ಅನುಮತಿ ಬೇಕು, ಬರೀ ಒಂದು ಬಾಟಲಿ ನೀರು ತರುವುದಿದ್ದರೂ ಸರಿ. ಅರ್ಜಿ ಬೆಂಗಳೂರಿನ ಅರಣ್ಯ ಭವನಕ್ಕೆ, ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ, ಗೈಡ್ ಹೆಸರಿನಲ್ಲಿ. ತಿಂಗಳುಗಳೇ ಹಿಡಿಯುತ್ತವೆ. ಒಂದು ಸೆಮಿಸ್ಟರಿನ ಪ್ರಾಜೆಕ್ಟಾದರೆ ಅಭಯಾರಣ್ಯದ ಹೊರಗೆ, ತೋಟದ ನಡುವಿನ ತೋಡುಗಳನ್ನೇ ಆರಿಸಿ, ಮಾಲೀಕರಿಂದ ಕಾಗದದಲ್ಲಿ ಒಪ್ಪಿಗೆ ಪಡೆಯಿರಿ. ಜಿಗಣೆಗೂ ಕಾಡಿನೊಳಗೆ ಇದೇ ನಿಯಮ, ಕಾಲಿಗೆ ಹತ್ತಿದ್ದು ಎಂಬ ನೆಪ ನಡೆಯುವುದಿಲ್ಲ. ದೇವರಕಾಡಾದರೆ ಅರಣ್ಯ ಇಲಾಖೆಯ ಜೊತೆ ಊರಿನ ದೇವಸ್ಥಾನ ಸಮಿತಿಯನ್ನೂ ಕೇಳಿ.

ಚಾಕ್‌ಪೀಸ್, ಸೋಮವಾರಪೇಟೆ

ಪಿಸಿಆರ್ ಇಲ್ಲವೆಂದು ಸುಮ್ಮನೆ ಕೂರಬೇಡಿ. ಜೆನ್‌ಬ್ಯಾಂಕ್‌ನಿಂದ ಪಶ್ಚಿಮ ಘಟ್ಟದ ಒಂದು ಮೀನಿನ ಸಿಒಐ ಸೀಕ್ವೆನ್ಸ್‌ಗಳನ್ನು ಇಳಿಸಿ, ಮೆಗಾದಲ್ಲಿ ಸಾಲಾಗಿ ಹೊಂದಿಸಿ, ಪಾಪ್‌ಆರ್ಟ್‌ನಲ್ಲಿ ಹ್ಯಾಪ್ಲೋಟೈಪ್ ಜಾಲ (ಯಾವ ಸೀಕ್ವೆನ್ಸ್ ಯಾವುದಕ್ಕೆ ಎಷ್ಟು ಹತ್ತಿರ ಎಂದು ತೋರಿಸುವ ಚಿತ್ರ) ಬಿಡಿಸಿ. ಎರಡೂ ಉಚಿತ ಸಾಫ್ಟ್‌ವೇರ್. ಸೀಕ್ವೆನ್ಸ್ ನಡುವೆ ಸ್ಟಾಪ್ ಕೋಡಾನ್ (ಪ್ರೋಟೀನ್ ಇಲ್ಲಿಗೆ ಮುಗಿಯಿತು ಎಂಬ ಗುರುತು) ಕಂಡರೆ ಗಾಬರಿಯಾಗುವ ಮೊದಲು ಕೋಡ್ ಪಟ್ಟಿ ‘ಕಶೇರುಕ ಮೈಟೋಕಾಂಡ್ರಿಯ’ಕ್ಕೆ ಬದಲಿಸಿದ್ದೀರಾ ನೋಡಿ. ಬದಲಿಸಿಯೂ ಉಳಿದರೆ ಆ ಸೀಕ್ವೆನ್ಸ್ ಕೈಬಿಡಿ. ಮೂರು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೂ ಅರ್ಜಿ ಹಾಕಿ, ಎರಡು ತಿಂಗಳು ನಿಜವಾದ ಲ್ಯಾಬಿನಲ್ಲಿ ಕೆಲಸ ಸಿಗುತ್ತದೆ. ಅದು ಉಪನ್ಯಾಸಕರಿಗೂ ಇದೆ, ಪಾಠಕ್ಕೆ ಬಂದವರು ಸಂಶೋಧನೆಯ ನಂಟು ಉಳಿಸಿಕೊಳ್ಳಲು ಒಳ್ಳೆಯ ದಾರಿ.

ಪಾಠ ಮಾಡುವ ಅಂದಾಜು ಈಗಲೇ ಬೇಕಿದ್ದರೆ ಹತ್ತಿರದ ಹೈಸ್ಕೂಲಿನಲ್ಲಿ ಡಿಎನ್‌ಎ ತೆಗೆಯುವ ಪ್ರಯೋಗ ಮಾಡಿಸಿ. 100 ಮಿ.ಲೀ. ನೀರು, 10 ಮಿ.ಲೀ. ಪಾತ್ರೆ ತೊಳೆಯುವ ಲಿಕ್ವಿಡ್, ಅರ್ಧ ಚಮಚ ಉಪ್ಪು, ಅರೆದ ಈರುಳ್ಳಿ 50 ಗ್ರಾಂ. ಹತ್ತು ನಿಮಿಷ ಬಿಟ್ಟು ಸೋಸಿ, ಅಷ್ಟೇ ಪ್ರಮಾಣದ ತಣ್ಣನೆಯ ಆಲ್ಕೋಹಾಲ್ ಅನ್ನು ಗೋಡೆಗುಂಟ ನಿಧಾನ ಇಳಿಸಿ. ನಮ್ಮ ಕಿತ್ತಳೆ ಕೈಗೆ ಸಿಗುತ್ತದೆಂದು ಅದನ್ನು ಬಳಸಬೇಡಿ: ಹಣ್ಣಿನ ಅಂಟಾದ ಪೆಕ್ಟಿನ್ ಕೂಡ ಆಲ್ಕೋಹಾಲ್‌ನಲ್ಲಿ ಬಿಳಿಯಾಗಿ ಗಟ್ಟಿಯಾಗುತ್ತದೆ, ಮಕ್ಕಳು ಅದನ್ನೇ ಡಿಎನ್‌ಎ ಎಂದುಕೊಂಡು ಹೋಗುತ್ತಾರೆ. ಈರುಳ್ಳಿಯಲ್ಲೂ ಮೇಲೆ ಬರುವುದು ಶುದ್ಧ ಡಿಎನ್‌ಎ ಅಲ್ಲ, ಪ್ರೋಟೀನ್ ಸೇರಿರುತ್ತದೆ. ಅದನ್ನು ಮುಚ್ಚಿಡದೆ ಹೇಳಿ. ಆಲ್ಕೋಹಾಲನ್ನು ಹಿಂದಿನ ರಾತ್ರಿಯೇ ಫ್ರೀಜರ್‌ನಲ್ಲಿಟ್ಟು, ಬೆಳಿಗ್ಗೆ ಐಸ್ ಡಬ್ಬದಲ್ಲಿ ಒಯ್ಯಿರಿ. ಮಳೆಗಾಲದಲ್ಲಿ ಸ್ಕೂಲಿನಲ್ಲಿ ಕರೆಂಟ್ ಇರುತ್ತದೆಂದು ನಂಬಿಕೊಂಡು ಹೋಗಬೇಡಿ.