‘ಗಾಥಿಕ್’ ಸಿನಿಮಾಕ್ಕೆ ಏನನ್ನೋಣ? ಭೂತಬಂಗಲೆ ಸಾಕಾ, ಹಾಳುವಾಡೆ ಬೇಕಾ?

ಗೆಳೆಯರೇ, ನಮಸ್ಕಾರ.

ಹಳೇ ಇಂಗ್ಲಿಷ್ ಸಿನಿಮಾಗಳ ಬಗ್ಗೆ ಬರೆಯುತ್ತಾ ಒಂದು ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ: ಗಾಥಿಕ್. 1958ರ ‘ಡ್ರಾಕುಲಾ’ ಇದೆಯಲ್ಲ, ಹ್ಯಾಮರ್ ಕಂಪನಿಯದು, ಕ್ರಿಸ್ಟೋಫರ್ ಲೀ ಇರುವುದು, ಆ ಜಾತಿಯ ಚಿತ್ರಗಳಿಗೆ ಕನ್ನಡದಲ್ಲೊಂದು ಪದ ಬೇಕು. ‘ದೆವ್ವದ ಸಿನಿಮಾ’ ಅಂದರೆ ಸಾಕು ಅಂದುಕೊಂಡಿದ್ದೆ. ಸಾಲುತ್ತಿಲ್ಲ. ಹಿಂದಿಯ ‘ಮಹಲ್’ (1949) ಚಿತ್ರದಲ್ಲಿ ನಿಜವಾದ ದೆವ್ವವೇ ಇಲ್ಲ. (ನೋಡದವರು ಕ್ಷಮಿಸಿ, ಗುಟ್ಟು ಬಿಟ್ಟುಕೊಟ್ಟೆ.) ಇಂಥ ಚಿತ್ರ ದೆವ್ವ ಇಲ್ಲದೆಯೂ ನಡೆಯುತ್ತದೆ, ಹಳೇ ಮನೆ ಇಲ್ಲದೆ ನಡೆಯುವುದಿಲ್ಲ.

ಪದ ಹುಟ್ಟಿದ್ದೇ ಬೈಗುಳವಾಗಿ. ಗಾಥರು 410ರಲ್ಲಿ ರೋಮ್ ಸೂರೆ ಮಾಡಿದ ಜನ. ಸಾವಿರ ವರ್ಷ ಕಳೆದ ಮೇಲೆ ಇಟಲಿಯವರು ತಮಗೆ ಹಿಡಿಸದ ಚೂಪು ಕಮಾನಿನ ಚರ್ಚುಗಳಿಗೆ ‘ಗಾಥರ ಕೆಲಸ’ ಅಂತ ಹೆಸರಿಟ್ಟರು. ಪಾಪ, ಗಾಥರಿಗೂ ಆ ಚರ್ಚುಗಳಿಗೂ ಸಂಬಂಧವೇ ಇರಲಿಲ್ಲ. 1764ರಲ್ಲಿ ಹೊರೇಸ್ ವಾಲ್ಪೋಲ್ ಒಂದು ಕೋಟೆಯ ಕಥೆ ಬರೆದ. ಮರುವರ್ಷದ ಮುದ್ರಣದಲ್ಲಿ ಅದಕ್ಕೆ ‘ಗಾಥಿಕ್ ಕಥೆ’ ಅಂತ ಸೇರಿಸಿದ. ಕಟ್ಟಡದ ಪದ ಹೀಗೆ ಕಥೆಗೆ ಬಂತು. ನಮ್ಮ ಪದವೂ ಕಟ್ಟಡದಿಂದಲೇ ಬರಲಿ ಅನ್ನುವುದು ನನ್ನ ಹಟ.

‘ಭೂತಬಂಗಲೆ’ ಇದೆಯಲ್ಲ ಅಂತೀರಿ. ಅದು ನಗೆಚಾಟಿಕೆಯ ಮಾತಾಗಿಬಿಟ್ಟಿದೆ. ನಾಲ್ಕು ವರ್ಷ ಸುಣ್ಣ ಕಾಣದ ಮನೆಗೂ ಭೂತಬಂಗಲೆ ಅನ್ನುತ್ತೇವೆ. ಅದೂ ಅಲ್ಲದೆ ಕರಾವಳಿಯವರಿಗೆ ಭೂತ ಅಂದರೆ ಕೋಲ ಕಟ್ಟಿ ನಂಬುವ ದೈವ. ಅವರ ಮುಂದೆ ಈ ಪದ ಇಡುವುದು ಹೇಗೆ?

ನಮ್ಮ ಕಡೆಯ ‘ವಾಡೆ’, ಅಂದರೆ ಊರ ದೊಡ್ಡವರ ಕೋಟೆಯಂಥ ಮನೆ, ನನಗೆ ಜಾಸ್ತಿ ಹಿಡಿಸುತ್ತದೆ. ವಾಡೆ ಅಂದಕೂಡಲೇ ಒಂದು ಮನೆತನ ಕಣ್ಣಿಗೆ ಬರುತ್ತದೆ. ದಪ್ಪ ಗೋಡೆ, ದಿಡ್ಡಿ ಬಾಗಿಲು, ಅಜ್ಜ ಮಾಡಿದ್ದು ಮೊಮ್ಮಗನ ಕೊರಳಿಗೆ ಬೀಳುವುದು. ಡ್ರಾಕುಲಾನ ಕೋಟೆಯೂ ಅದೇ ಅಲ್ವಾ, ಹಾಳುಬಿದ್ದ ದೊಡ್ಡವರ ಮನೆ?

ನಾನಿರುವುದು ಬೀದರಿನಲ್ಲಿ. ಅಷ್ಟೂರಿನ ಬಹಮನಿ ಗೋರಿಗಳ ಸಾಲಿನಲ್ಲಿ ಹುಮಾಯೂನ್ ಷಾನದೂ ಒಂದಿದೆ. 1458ರಿಂದ 1461ರವರೆಗೆ ಆಳಿ ‘ಜಾಲಿಂ’, ಅಂದರೆ ಕ್ರೂರಿ, ಅಂತ ಹೆಸರು ಪಡೆದವನು. ಸಿಡಿಲು ಬಡಿದು ಅವನ ಗುಮ್ಮಟ ಅರ್ಧ ಸೀಳಿ ಬಿದ್ದಿದೆ, ಉಳಿದರ್ಧ ಹಾಗೇ ಬಾಯಿ ತೆರೆದು ನಿಂತಿದೆ. ಸಂಜೆ ಅಲ್ಲಿ ಬಿಕೋ ಅನ್ನುತ್ತದೆ. ದೆವ್ವಗಿವ್ವ ಯಾವುದೂ ನೆನಪಾಗುವುದಿಲ್ಲ. ಮೈ ಮಾತ್ರ ಜುಂ ಅನ್ನುತ್ತದೆ, ಕಾಲು ಮಾತ್ರ ಅಲ್ಲಿಂದ ಏಳುವುದಿಲ್ಲ. ಆ ಸಿನಿಮಾಗಳನ್ನು ಮತ್ತೆ ಮತ್ತೆ ನೋಡುವುದೂ ಇದಕ್ಕೇ. ಈಗಿನವು ಧಡಕ್ಕನೆ ಸದ್ದು ಮಾಡಿ ಗಾಬರಿಪಡಿಸುತ್ತವೆ. ಹಳೇವು ಮೇಣದಬತ್ತಿ ಹಿಡಿದು ಮೆಟ್ಟಿಲಿಳಿಯುತ್ತಾ ನಿಧಾನಕ್ಕೆ ಅಂಜಿಕೆ ಹತ್ತಿಸುತ್ತವೆ. ನನ್ನ ಕಿವಿಗೆ ಗಾಬರಿ ಬೇರೆ, ಅಂಜಿಕೆ ಬೇರೆ. ನಿಮಗೆ?

ಸದ್ಯ ‘ಹಾಳುವಾಡೆ ಚಿತ್ರ’ ಅಂತ ಬರೆದಿಟ್ಟಿದ್ದೇನೆ. ಚರ್ಚುಗಳಿಗೆ ‘ಗಾಥಿಕ್ ಶೈಲಿ’ ಹಾಗೇ ಇರಲಿ ಬಿಡಿ. ಮೈಸೂರಿನ ಸಂತ ಫಿಲೋಮಿನಾ ಚರ್ಚನ್ನು ಹಾಳುವಾಡೆ ಶೈಲಿ ಅಂದರೆ ನನ್ನನ್ನು ಊರೊಳಗೆ ಬಿಡಲಿಕ್ಕಿಲ್ಲ!

ಮೈಸೂರು ಕಡೆಯವರಿಗೆ ‘ವಾಡೆ’ ಅರ್ಥವಾಗುತ್ತದಾ? ಕರಾವಳಿಯ ‘ಗುತ್ತಿನ ಮನೆ’ ಇದಕ್ಕೆ ಹತ್ತಿರವಾ? ಇನ್ನೊಂದು: ಅಂಜುತ್ತಲೇ ಖುಷಿಪಡುವುದಕ್ಕೆ ನಿಮ್ಮ ಊರಲ್ಲಿ ಒಂದೇ ಪದ ಇದ್ದರೆ ದಯವಿಟ್ಟು ಬರೆಯಿರಿ.